ಮುಗಿದ ಯುದ್ಧದಲ್ಲಿ ನಮ್ಮ ಹಡಗು ಸುಟ್ಟ ಕಪ್ತಾನರಿಗೆ

ನ್ಯೂ ಬೆಡ್‌ಫರ್ಡ್, ಮಾರ್ಚ್ ೧೮೬೬

ಮಾನ್ಯರೇ,

ನಮ್ಮ ದೇಶದ ಅಂತರ್ಯುದ್ಧದಲ್ಲಿ ದಕ್ಷಿಣದವರ ಯುದ್ಧನೌಕೆಯೇರಿ ಅರ್ಧ ಭೂಮಂಡಲ ಸುತ್ತಿ, ಉತ್ತರದವರ ವ್ಯಾಪಾರದ ಹಡಗುಗಳನ್ನು ಸುಡುವ ಪುಣ್ಯಕಾರ್ಯ ಪೂರೈಸಿ, ಈಗ ಇಂಗ್ಲೆಂಡಿನಲ್ಲಿ ವಿಶ್ರಮಿಸುತ್ತಿರುವ ತಮಗೆ, ತಿಮಿಂಗಿಲ ಬೇಟೆಯ ಹಡಗು ‘ಮೇರಿಗೋಲ್ಡ್’ನ ಕಪ್ತಾನ ಅಬ್ನರ್ ಟೇಬರರ ಹೆಂಡತಿಯ ಸಾವಿರ ವಂದನೆಗಳು.

ಕಳೆದ ಜೂನ್‌ನಲ್ಲಿ, ಬೇರಿಂಗ್ ಸಮುದ್ರದ ಹಿಮದ ನಡುವೆ ತಾವು ರಷ್ಯಾದ ಬಾವುಟ ಹಾರಿಸಿಕೊಂಡು ಬಂದಾಗ, ಅತಿಥಿಗಳು ಬಂದರೆಂದು ನಾನು ಕಾಫಿಗೆ ನೀರಿಟ್ಟೆ. ನೀರು ಕುದಿಯುವ ಮೊದಲೇ ಬಾವುಟ ಬದಲಾಗಿ ತಮ್ಮ ತೋಪು ನಮ್ಮತ್ತ ತಿರುಗಿತ್ತು. ತಿಮಿಂಗಿಲದ ಕೊಬ್ಬು ಕಾಯಿಸುತ್ತಿದ್ದ ಮೂವತ್ತು ಜನರ ಮೇಲೆ ತೋಪು ತಿರುಗಿಸಲು ಎಂಥ ಎದೆಗಾರಿಕೆ ಬೇಕು!

ನನ್ನ ಗಂಡ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯನ್ನು ತಮ್ಮ ಕೈಗಿತ್ತು, “ನೋಡಿ ಸ್ವಾಮಿ, ನಿಮ್ಮ ಸೇನೆ ಶರಣಾಗಿ ಎರಡು ತಿಂಗಳಾಯ್ತು. ಯುದ್ಧ ಮುಗೀತು” ಎಂದರು. ತಾವು ಓದಿ, ನಾಲ್ಕಾಗಿ ಮಡಚಿ, “ಪತ್ರಿಕೆಯೋರು ಏನ್ ಬೇಕಾದ್ರೂ ಬರೀತಾರೆ ಕಪ್ತಾನ್ರೇ. ಅರ್ಧ ಗಂಟೆ ಕೊಟ್ಟಿದೀನಿ, ಇಳೀರಿ” ಎಂದಿರಿ. ಒಲ್ಲದ ಸುದ್ದಿಯನ್ನೆಲ್ಲ ಸುಳ್ಳೆನ್ನುವ ಈ ವಿದ್ಯೆ ನಮಗೂ ಬಂದಿದ್ದರೆ, ಹಡಗು ಉರಿಯಲೇ ಇಲ್ಲವೆಂದುಕೊಂಡು ಸುಖವಾಗಿರುತ್ತಿದ್ದೆವು.

ಕೆಳಗಿನ ಕೋಣೆಯಲ್ಲಿ ತಿಮಿಂಗಿಲಕ್ಕೆ ಈಟಿ ಎಸೆಯುತ್ತಿದ್ದ ನಮ್ಮ ಈಟಿಗಾರ, ಪರದೇಶವಾದ ಹೊನೊಲುಲುವಿನ ಕಾಹೆಲೆ, ತೊಡೆಯ ಮೂಳೆ ಮುರಿದು ಮಲಗಿದ್ದ. ನಾನು ಅವನ ಪಕ್ಕ ಕುಳಿತು, “ಇವನನ್ನ ಅಲುಗಿಸೋ ಹಾಗಿಲ್ಲ. ಹಚ್ಚೋದಾದ್ರೆ ನನ್ನ ಸಮೇತ ಹಚ್ಚಿ” ಎಂದೆ. ಪಂಜು ಹಿಡಿದು ನಿಂತ ತಮ್ಮ ಅಧಿಕಾರಿ ತಲೆ ತಗ್ಗಿಸಿದ; ಅವನಿಗಿದ್ದಷ್ಟು ನಾಚಿಕೆ ಅವನ ಮೇಲಿನವರಿಗೆ ಇರಲಿಲ್ಲ. ಕೊನೆಗೆ ಕಾಹೆಲೆಯೇ ನಕ್ಕು, “ಏಳಮ್ಮಾ, ಈ ಪುಣ್ಯಾತ್ಮರಿಗೆ ಹೊತ್ತಾಗ್ತದೆ” ಎಂದ. ಹಗ್ಗ ಕಟ್ಟಿ ದೋಣಿಗೆ ಇಳಿಸುವಾಗ ಅವನು ಚೀರಿದ್ದು ತಮ್ಮ ಹಡಗಿಗೂ ಕೇಳಿರಬೇಕು.

ಸೆರೆಸಿಕ್ಕ ಹಡಗುಗಳ ಇನ್ನೂರು ಜನರನ್ನು, ಸುಡದೆ ಬಿಟ್ಟ ಒಂದೇ ಹಡಗಿಗೆ ತುಂಬಿ ಕಳಿಸಿದ ತಮ್ಮ ಔದಾರ್ಯವನ್ನು ಹೇಗೆ ಮರೆಯಲಿ? ಅದರಲ್ಲಿ ಕಾಹೆಲೆಗೆ ಕಾಲು ಚಾಚಲು ಜಾಗವಿರಲಿಲ್ಲ. ಗಾಯ ಕೊಳೆಯಿತು. ಹನ್ನೆರಡನೆಯ ದಿನ ತೀರಿಕೊಂಡ. ಹಾಯಿಯ ಬಟ್ಟೆಯಲ್ಲಿ ನಾನೇ ಅವನನ್ನು ಹೊಲಿದೆ.

ಹೊನೊಲುಲುವಿನ ದಡದಲ್ಲಿ ಅವನ ತಾಯಿ ಕಾದಿದ್ದಳು. “ಜಗಳ ನಿಮ್ಮ ನಿಮ್ಮಲ್ಲೇ ಅಲ್ವೇನಮ್ಮಾ? ನನ್ನ ಮಗ ಯಾಕೆ?” ಎಂದಳು. ಇದಕ್ಕೆ ಉತ್ತರವನ್ನು ಬುದ್ಧಿವಂತರಾದ ತಾವು ಬರೆದು ಕಳಿಸಬೇಕೆಂದು ಬೇಡುತ್ತೇನೆ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಹೆಪ್ಸಿಬಾ ಟೇಬರ್

ತಾ.ಕ.: ತಾವು ಆತ್ಮಕಥೆ ಬರೆಯುತ್ತಿರುವಿರೆಂದೂ, ಅದರಲ್ಲಿ ‘ನಮ್ಮ ಯಾನದಲ್ಲಿ ಒಂದು ಜೀವಕ್ಕೂ ಹಾನಿಯಾಗಲಿಲ್ಲ’ ಎಂಬ ಸಾಲಿದೆಯೆಂದೂ ಕೇಳಿ ಸಂತೋಷವಾಯಿತು. ಕಾಹೆಲೆಯ ಆ ಮುದಿ ತಾಯಿಗೆ ಓದು ಬಾರದು. ಆ ಒಂದು ಸಾಲನ್ನು ತಾವೇ ಹೋಗಿ, ಅವಳ ಮುಖ ನೋಡಿಕೊಂಡು, ಓದಿ ಹೇಳಿ ಬರಬೇಕು.