ಬುಟ್ಟಿ ತುಂಬಿಸಿ ಎದ್ದು ಹೋದವರು

ಅಂಗಡಿಗೆ ಹೋಗಿ ಎಲ್ಲವನ್ನೂ ತೆಗೆಸಿ, ಮುಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ "ಇರ್ಲಿ, ಇನ್ನೊಂದ್ಸಲ ಬರ್ತೀನಿ" ಎಂದು ಎದ್ದು ಬರುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಸೀಮೆಯಲ್ಲಿ ಇಲ್ಲ. ಕಳಸದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೀರೆ ಅಂಗಡಿಯಿದೆ. ನಾನು ಮೆಟ್ಟಿಲು ಹತ್ತುವುದು ಕಂಡರೆ ಅದರ ಯಜಮಾನರು ಫ್ಯಾನ್ ಆರಿಸುತ್ತಾರೆ ಎಂದು ನನ್ನ ಮಗ ಸತೀಶ ಹೇಳುತ್ತಾನೆ. ಅದು ಸುಳ್ಳು. ಆ ಫ್ಯಾನು ಮೊದಲೇ ತಿರುಗುವುದಿಲ್ಲ. "ಇನ್ನೊಂದ್ಸಲ ಬರ್ತೀನಿ" ಎನ್ನುವುದು ಸುಳ್ಳು ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ಇಬ್ಬರೂ ಮರ್ಯಾದೆಯಿಂದ ತಲೆಯಾಡಿಸುತ್ತೇವೆ. ಹೀಗೆ ಜನ್ಮವಿಡೀ ಗಲ್ಲಾದ ಈಚೆ ನಿಂತು ಸುಖವಾಗಿದ್ದ ನಾನು, ಮುದುಕಿಯಾದ ಮೇಲೆ ಆಚೆ ಬದಿಗೆ ಹೋಗಿ ಕೂರಬೇಕಾಯಿತು. ಅದೂ ಎಂಥ ಅಂಗಡಿ! ಬಂದವರ ಮುಖವೂ ಕಾಣದು, ಎದ್ದು ಹೋದವರ ಬೆನ್ನೂ ಕಾಣದು.

ಅಂಗಡಿ ನನ್ನ ಸೊಸೆ ಶುಭಳದ್ದು. ಬಾಳೂರಿನಲ್ಲಿ ನಮ್ಮ ಮನೆಯ ಪಕ್ಕ ಕಾಫಿ ಬೀಜದ ಮೂಟೆ ಇಡುವ ಒಂದು ಶೆಡ್ ಇದೆ. ಅದರ ಅರ್ಧಕ್ಕೆ ಸುಣ್ಣ ಹೊಡೆಸಿ, ಬೀಜ ಹುರಿಯುವ ಸಣ್ಣ ಮೆಷಿನ್ ತಂದಿಟ್ಟು, ಕಾಫಿಪುಡಿ, ಕಾಳುಮೆಣಸು, ನಾನು ಹಾಕಿದ ಮಿಡಿ ಉಪ್ಪಿನಕಾಯಿ ಇವನ್ನೆಲ್ಲ ಫೋನಿನಲ್ಲೇ ಮಾರಲು ಶುರುಮಾಡಿದಳು. ಜನ ಫೋನಿನಲ್ಲಿ ಚಿತ್ರ ನೋಡಿ, ಬೇಕಾದ್ದನ್ನು ಬುಟ್ಟಿಗೆ ಹಾಕಿ, ವಿಳಾಸ ಕೊಟ್ಟು, ಹಣ ಕಟ್ಟಿದರೆ ಇವಳು ಪಾರ್ಸೆಲ್ ಕಳಿಸುತ್ತಾಳೆ. ಸತೀಶ ಬೇಡ ಅನ್ನಲಿಲ್ಲ. "ಕೊಯ್ಲು ಶುರುವಾದ್ರೆ ನಂಗೆ ಶೆಡ್ ಬೇಕು. ಅಷ್ಟರೊಳಗೆ ನಡೆದ್ರೆ ನಡೀಲಿ, ಇಲ್ಲಾಂದ್ರೆ ಮೆಷಿನ್ ಮಾರೋದೇ" ಎಂದ. ಶುಭಳೂ ಒಪ್ಪಿದಳು. ನಡೆಯದಿದ್ದರೆ ಮೂಡಿಗೆರೆಯಲ್ಲಿ ಯಾವುದಾದರೂ ಆಫೀಸಿಗೆ ಸೇರುತ್ತೇನೆ ಎಂದಳು. ನನಗೆ ಅವಳ ಕನಸು ಗಿನಸಿನ ಚಿಂತೆಯಿರಲಿಲ್ಲ. ಅವಳು ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಹಗಲೆಲ್ಲ ನಾನು ಯಾರನ್ನು ಬೈಯಲಿ? ಅಂಗಡಿ ಉಳಿಯಬೇಕಾದದ್ದು ನನಗೇ.

ದಸರಾ ಮುಗಿದ ವಾರ ಶುಭ ಮುಖ ಸಣ್ಣ ಮಾಡಿಕೊಂಡು ಅಡುಗೆಮನೆಗೆ ಬಂದಳು. "ಅತ್ತೆ, ಜನ ಬರ್ತಾರೆ, ಬುಟ್ಟಿಗೆ ಹಾಕ್ತಾರೆ, ವಿಳಾಸಾನೂ ಕೊಡ್ತಾರೆ. ಹಣ ಕಟ್ಟೋ ಹೊತ್ತಿಗೆ ಎದ್ದು ಹೋಗ್ತಾರೆ."

"ಹೋಗ್ಲಿ ಬಿಡು. ನಾನೂ ಹಂಗೇ ಮಾಡ್ತೀನಿ" ಎಂದೆ.

"ನೀವು ಮಾಡ್ತೀರಿ. ಲೋಕಾನೇ ಮಾಡಿದ್ರೆ ನಾನೆಂತ ಮಾಡದು?"

ಅದಕ್ಕೂ ಒಂದು ಮದ್ದು ಇದೆಯಂತೆ. ಹಾಗೆ ಬುಟ್ಟಿ ಬಿಟ್ಟು ಹೋದವರಿಗೆ ಇ-ಮೇಲ್ ಕಳಿಸುವುದು, ಅಂದರೆ ಅವರ ಫೋನಿಗೇ ಕಾಗದ ಬರೆಯುವುದು. ಒಮ್ಮೆ ಹೇಳಿಟ್ಟರೆ ಕಂಪ್ಯೂಟರೇ ಹೊತ್ತು ನೋಡಿ ಕಳಿಸುತ್ತದೆ. ಮೊದಲನೆಯದು ಐದು ನಿಮಿಷಕ್ಕೆ, ಎರಡನೆಯದು ಮಾರನೇ ದಿನ, ಮೂರನೆಯದು ಮೂರನೇ ದಿನ, ಅದರಲ್ಲಿ ಬೆಲೆ ಸ್ವಲ್ಪ ಕಡಿಮೆ ಎಂಬ ಆಸೆ. ಶುಭ ಬರೆದುಕೊಂಡದ್ದನ್ನು ಓದಿದಳು: "ಅಯ್ಯೋ! ನೀವು ಏನನ್ನೋ ಮರೆತಿದ್ದೀರಿ!"

ನನಗೆ ಮೈ ಉರಿಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಂಗಡಿಯಿಂದ ಎದ್ದು ಬರುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. "ಯಾರೂ ಮರ್ತಿರಲ್ಲ ಮಾರಾಯ್ತಿ. ಬೇಕೋ ಬೇಡ್ವೋ ಅಂತ ಎದ್ದು ಹೋಗಿರ್ತಾರೆ. ಮರೆವು ಅಂತ ಬರೆದ್ರೆ ಸಿಟ್ಟು ಬರ್ತದೆ. ಐದು ನಿಮಿಷಕ್ಕೇ ಕೂಗಿದ್ರೆ ಇವರಿಗೆ ಗಿರಾಕಿ ಗತಿಯಿಲ್ಲ ಅಂತ ತಿಳೀತಾರೆ" ಎಂದೆ.

ನಮ್ಮ ಕಡೆ ಊಟಕ್ಕೆ ಬಂದವರು ಒಂದೇ ಕರೆಗೆ ಏಳುವುದಿಲ್ಲ. ಎದ್ದರೆ ಹಸಿದು ಬಂದಿದ್ದಾರೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. "ಎಲೆ ಹಾಕಿದೆ, ಏಳಿ" ಎಂದರೆ "ಆಯ್ತಾಯ್ತು" ಎನ್ನುತ್ತ ಮೆಣಸಿನ ಬಳ್ಳಿಗೆ ಬಂದ ರೋಗದ ಮಾತು ಮುಂದುವರಿಸುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಎರಡನೇ ಸಲ ಕರೆದರೆ ಪಂಚೆ ಸರಿಮಾಡಿಕೊಳ್ಳುತ್ತಾರೆ. ಮೂರನೇ ಕರೆಗೆ ಏಳುತ್ತಾರೆ. ಒಂದೇ ಸಲ ಕರೆದು ಸುಮ್ಮನಾದವರ ಮನೆಯಲ್ಲಿ ಸಾರು ಆರುತ್ತದೆ. ಹತ್ತು ಸಲ ಕರೆದವರ ಮನೆಗೆ ಜನ ಮತ್ತೆ ಬರುವುದಿಲ್ಲ. ನಾನು ಹೇಳಿದ ಹಾಗೆ ಶುಭ ಬರೆದಳು. ಮೊದಲನೆಯದು ಎರಡು ಗಂಟೆ ಬಿಟ್ಟು: "ಎಲೆ ಹಾಕಿದೆ, ಏಳಿ. ನೀವು ಆರಿಸಿದ್ದನ್ನು ತೆಗೆದಿಟ್ಟಿದ್ದೇವೆ." ಎರಡನೆಯದು ಮಾರನೇ ದಿನ: "ಪುಡಿ ನಿನ್ನೆ ಹುರಿದ ಬೀಜದ್ದು. ಪರಿಮಳ ಇರುವಾಗಲೇ ಕುಡಿಯುವುದು ಒಳ್ಳೆಯದು."

ಜಗಳವಾದದ್ದು ಮೂರನೆಯದಕ್ಕೆ. ಶುಭ ಬೆಲೆ ಇಳಿಸಲೇಬೇಕೆಂದಳು. "ಮೂರನೇ ಕರೆಗೆ ಇಳಿಸಿದ್ರೆ ಮುಂದಿನ ಸಲ ಎಲ್ರೂ ಮೂರನೇ ಕರೆಗೇ ಕಾಯ್ತಾರೆ. ನಾನು ಕಾಯಲ್ವಾ?" ಎಂದೆ. ಅವಳು ಬೆಲೆಯ ಸಾಲನ್ನು ಅಳಿಸಿದಳು. ಅಲ್ಲಿ ನಾನು ಇಷ್ಟೇ ಬರೆಸಿದೆ: "ಬೇಡವಾದರೆ ಬೇಡ, ಬೇಜಾರಿಲ್ಲ. ಯಾಕೆ ಬೇಡ ಅಂತ ಒಂದು ಮಾತು ಹೇಳಿ."

ಅದಕ್ಕೆ ಉತ್ತರಗಳು ಬಂದವು. ಮೈಸೂರಿನ ಒಬ್ಬ ಹೆಂಗಸು ಬರೆದಿದ್ದರು: ಎಲ್ಲ ಆರಿಸಿ ಮುಗಿದ ಮೇಲೆ ಕೊನೆಯಲ್ಲಿ ಪಾರ್ಸೆಲ್ ಖರ್ಚು ತೋರಿಸುತ್ತೀರಿ, ಅದಕ್ಕೇ ಬಿಟ್ಟೆ. ಸರಿಯಾಗಿಯೇ ಇತ್ತು. ಊಟ ಮುಗಿಸಿ ಕೈ ತೊಳೆಯಲು ಎದ್ದವರ ಹತ್ತಿರ ಎಲೆಗೆ ಬಾಡಿಗೆ ಕೇಳಿದ ಹಾಗೆ. ಶುಭ ಆ ಖರ್ಚನ್ನು ಮೊದಲ ಪುಟದಲ್ಲೇ ದೊಡ್ಡದಾಗಿ ಹಾಕಿದಳು.

ಇಷ್ಟಾದ ಮೇಲೆ ಅಳೆಯುವ ಕೆಲಸ. ಕಳಿಸಿದ ಮೇಲ್ ಯಾರು ಬಿಚ್ಚಿದರು, ಬಿಚ್ಚಿ ಅಂಗಡಿಗೆ ಯಾರು ಬಂದರು, ಬಂದು ಯಾರು ಕೊಂಡರು, ಎಲ್ಲವೂ ಕಾಣುತ್ತದಂತೆ. ಬುಟ್ಟಿ ಬಿಟ್ಟವರಲ್ಲಿ ಅರ್ಧ ಜನಕ್ಕೆ ಮೇಲ್ ಕಳಿಸುತ್ತೇನೆ, ಇನ್ನರ್ಧಕ್ಕೆ ಕಳಿಸುವುದೇ ಇಲ್ಲ ಎಂದಳು ಶುಭ. "ಅರ್ಧ ಜನಕ್ಕೆ ಕರೆಯದೇ ಇರೋದು ಎಂತಕ್ಕೆ? ಅವರೇನು ಪಾಪ ಮಾಡಿದ್ರು?" ಎಂದೆ. ಅವಳು ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ನೀವು ಸಂಜೆ ಗೌರೀನ ಕರೀತೀರಲ್ಲ. ನೀವು ಕರೆದಿದ್ದಕ್ಕೆ ಬರ್ತದೋ, ಕರೀದಿದ್ರೂ ಬರ್ತದೋ?" ದನ ಹೊತ್ತು ಮುಳುಗುವಾಗ ಯಾರೂ ಕರೆಯದಿದ್ದರೂ ಮನೆಗೆ ಬರುತ್ತದೆ. ಮೂವತ್ತು ವರ್ಷದಿಂದ ಬೇಲಿಯ ಹತ್ತಿರ ನಿಂತು ಗಂಟಲು ಹರಿದುಕೊಂಡದ್ದು ದಂಡವಾಯಿತೇ ಎಂದು ಆ ಸಂಜೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ಕರೆದೆ. ಗೌರಿ ಬಂತು.

ಹದಿನೈದು ದಿನವಾದರೂ ಲೆಕ್ಕ ಏಳಲಿಲ್ಲ. ಕರೆದವರಲ್ಲೂ ಬಂದು ಕೊಂಡವರು ಬೆರಳೆಣಿಕೆ, ಕರೆಯದವರಲ್ಲೂ ಹಾಗೇ. ಬುಟ್ಟಿಗಳು ಮಾತ್ರ ದಿನಾ ತುಂಬುತ್ತಿದ್ದವು. ಅದರಲ್ಲೂ ಒಬ್ಬ ಗಿರಾಕಿ ಶುಭಳ ನಿದ್ದೆ ಕೆಡಿಸಿದ್ದ. ಅವನ ಮೇಲ್ ವಿಳಾಸದಲ್ಲಿ 'ಕಾಡಿನ ಹುಲಿ' ಎಂದಿತ್ತು. ದಿನಾ ಬೆಳಿಗ್ಗೆ ಏಳೂವರೆಗೆ ಬಂದು ಅಂಗಡಿಯಲ್ಲಿದ್ದ ಎಲ್ಲದರಲ್ಲೂ ಒಂದೊಂದು ಬುಟ್ಟಿಗೆ ಹಾಕಿ ಹೋಗುತ್ತಿದ್ದ. ಕಳಿಸಿದ ಮೇಲ್ ಒಂದನ್ನೂ ಬಿಚ್ಚಿರಲಿಲ್ಲ. ಅವನ ಹಾಗೇ ಇನ್ನೂ ನಾಲ್ಕೈದು ಜನ. ಸತೀಶ ಶೆಡ್ಡಿನ ಬಾಗಿಲಲ್ಲಿ ನಿಂತು ಮೂಟೆ ಎಲ್ಲಿಡುವುದೆಂದು ಕಣ್ಣಿನಲ್ಲೇ ಅಳೆಯತೊಡಗಿದ್ದ. ತೋಟದಲ್ಲಿ ಹಣ್ಣು ಕೆಂಪಾಗುತ್ತಿತ್ತು.

"ಈ ಹುಲಿಗೆ ಬೇರೆನೇ ಬರೀಬೇಕು. ನೀವು ಹೇಳಿ ಅತ್ತೆ, ನಿಮ್ಮ ಬಾಯಲ್ಲೇ ಇರ್ಲಿ" ಎಂದಳು ಶುಭ.

ನನಗೂ ರೇಗಿತ್ತು. ಮಿಡಿ ಉಪ್ಪಿನಕಾಯಿ ನನ್ನದಲ್ಲವೇ? ಹೇಳಿದೆ: "ಹುಲಿರಾಯರೇ, ದಿನಾ ಬಂದು ಎಲ್ಲ ಮುಟ್ಟಿ ನೋಡಿ ಹೋಗುವುದು ಮರ್ಯಾದಸ್ಥರ ಲಕ್ಷಣವಲ್ಲ. ತಗೊಳ್ಳುವುದಾದರೆ ತಗೊಳ್ಳಿ, ಇಲ್ಲದಿದ್ದರೆ ಮುಟ್ಟಬೇಡಿ. ಉಪ್ಪಿನಕಾಯಿ ಹಾಕಿದ ಮುದುಕಿ ನಿಮಗಾಗಿ ಕಾದು ಕೂರುವುದಿಲ್ಲ."

ಶುಭ ಕಳಿಸಿದಳು. ಕಿಟಕಿಯ ಮೇಲಿದ್ದ ನನ್ನ ಫೋನು ಟಿಣ್ ಎಂದಿತು.

ಊಟಕ್ಕೆ ಬಂದಿದ್ದ ಸತೀಶ ಅದನ್ನು ಎತ್ತಿ ನೋಡಿದ. ಮೊದಲು ಅವನ ಕಿವಿ ಕೆಂಪಾಯಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಮ್ಮ, ನೀನೇ ಕಣೆ ಹುಲಿ!"

ಆದದ್ದು ಇಷ್ಟು. ಸತೀಶ ಹೊಸ ಫೋನು ಕೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದ. ಕಾಲೇಜಿನಲ್ಲಿ ಶೋಕಿಗೆ ಮಾಡಿಕೊಂಡ 'ಕಾಡಿನ ಹುಲಿ' ವಿಳಾಸ ಅದರಲ್ಲೇ ಉಳಿದಿತ್ತು. ಮದುವೆಯಾದ ಮೇಲೆ ಹುಲಿ ಯಾವ ಗಂಡಸಿನಲ್ಲೂ ಉಳಿಯುವುದಿಲ್ಲ, ಹಾಗಾಗಿ ಶುಭಳಿಗೆ ಗೊತ್ತಿರಲಿಲ್ಲ. ಅಂಗಡಿಯ ಚಿತ್ರ ತೆರೆಯುವುದನ್ನು ಅವಳೇ ನನಗೆ ಕಲಿಸಿದ್ದಳು. ಬುಟ್ಟಿ ಒತ್ತಿದರೆ ವಿಳಾಸದ ಜಾಗ ತಾನಾಗಿಯೇ ತುಂಬುತ್ತಿತ್ತು. ಫೋನು ಟಿಣ್ ಎಂದರೆ ತೆಗೆದು ನೋಡುವ ಅಭ್ಯಾಸ ನನಗಿಲ್ಲ.

"ಆದ್ರೆ ದಿನಾ ಯಾಕೆ ತುಂಬಿಸ್ತಿದ್ರಿ ಅತ್ತೆ?" ಶುಭಳ ದನಿಯಲ್ಲಿ ನಗು ಇರಲಿಲ್ಲ.

"ಬೋಣಿ ಮಾಡ್ತಿದ್ದೆ ಕಣೆ."

ನನ್ನ ಅತ್ತೆ ಸಂತೆಯಲ್ಲಿ ಏಲಕ್ಕಿ ಮಾರಲು ಕೂತಾಗ ಮೊದಲ ಗಿರಾಕಿಯಾಗಿ ಮನೆಯವರನ್ನೇ ನಿಲ್ಲಿಸುತ್ತಿದ್ದರು. ನಮ್ಮವರದೇ ಕೈ ಮೊದಲು ಮುಟ್ಟಿದರೆ ದಿನ ಚೆನ್ನಾಗಿರುತ್ತದೆ, ನಿಂತವರನ್ನು ಕಂಡರೆ ಹೋಗುವವರೂ ನಿಲ್ಲುತ್ತಾರೆ. ಸೊಸೆಯ ಅಂಗಡಿ ಖಾಲಿ ಹೊಡೆಯುವುದು ನನಗೆ ನೋಡಲಾಗಲಿಲ್ಲ. ದಿನಾ ದೇವರ ದೀಪ ಹಚ್ಚಿ ಬಂದು ಎಲ್ಲದಕ್ಕೂ ಒಂದೊಂದು ಸಲ ಕೈ ಮುಟ್ಟಿಸುತ್ತಿದ್ದೆ. ಅಷ್ಟಕ್ಕೇ ಸುಮ್ಮನಿರದೆ ಕೊಟ್ಟಿಗೆಹಾರದ ನನ್ನ ತಂಗಿಗೂ, ಅವಳ ಭಜನೆಯ ಗೆಳತಿಯರಿಗೂ "ಕೊಳ್ಳೋದೆಂತ ಬೇಡ, ಬೋಣಿ ಮಾಡಿ ಸಾಕು" ಎಂದು ಹೇಳಿದ್ದೆ. ಆ ನಾಲ್ಕೈದು ಜನ ಅವರೇ.

ಶುಭ ತಲೆಯ ಮೇಲೆ ಕೈ ಹೊತ್ತು ಕೂತಳು. "ದಿನಾ ಐದಾರು ಸುಳ್ಳು ಬುಟ್ಟಿ! ಅತ್ತೆ, ನಿಮ್ಮ ಬೋಣಿಯಿಂದ ನನ್ನ ಲೆಕ್ಕ ಎಲ್ಲ ಹಾಳಾಯ್ತು ಮಾರಾಯ್ರೆ!" ಎಂದಳು. ನಾನು ಅವಳ ಲೋಟಕ್ಕೆ ಕಾಫಿ ಬಗ್ಗಿಸಿದೆ. ತಪ್ಪು ಒಪ್ಪಿಕೊಳ್ಳುವುದು ನನಗೆ ಬರುವುದು ಅಷ್ಟೇ. ಅವಳು ಅದನ್ನು ಕುಡಿಯುತ್ತ ಹುಲಿಯನ್ನೂ ಭಜನೆಯವರನ್ನೂ ಹೊರಗಿಟ್ಟು ಮತ್ತೆ ಲೆಕ್ಕ ಹಾಕತೊಡಗಿದಳು. ಲೋಟ ಅರ್ಧವಾಗುವ ಹೊತ್ತಿಗೆ ಕುಡಿಯುವುದು ನಿಲ್ಲಿಸಿದಳು.

"ಎಂತಾಯ್ತು?" ಎಂದೆ.

"ಕರೆದವರಲ್ಲಿ ಹತ್ತಕ್ಕೆ ಮೂರು ಜನ ತಿರುಗಿ ಬಂದು ತಗೊಂಡಿದಾರೆ. ಕರೀದೇ ಇದ್ದವರಲ್ಲಿ ಹತ್ತಕ್ಕೆ ಒಬ್ರು."

ಸತೀಶ ತಟ್ಟೆಯಿಂದ ಕೈ ಎತ್ತಿ, "ಹಂಗಾದ್ರೆ ಆ ಮೇಲ್ ಕಳಿಸಿದ್ದಕ್ಕೇ ಬಂದಿದ್ದಾ?" ಎಂದು ಕೇಳಿದ. "ಸ್ವಲ್ಪ ಜನ ಅಷ್ಟೇ. ಇನ್ನೊಂದು ತಿಂಗಳು ನೋಡದೆ ಗಟ್ಟಿಯಾಗಿ ಹೇಳಕ್ಕಾಗಲ್ಲ" ಎಂದಳು ಶುಭ. ಆದರೆ ಅವಳ ಮುಖ ಗಟ್ಟಿಯಾಗಿಯೇ ಹೇಳುತ್ತಿತ್ತು. ಸತೀಶ ಒಂದು ತುತ್ತು ನುಂಗಿ, ಮೂಟೆಗಳನ್ನು ಈ ವರ್ಷ ಜಗುಲಿಯಲ್ಲಿ ಒಟ್ಟಬಹುದು, ಟಾರ್ಪಾಲು ಇದೆ ಎಂದ. ನನ್ನ ಮಗ ಇದಕ್ಕಿಂತ ಹೆಚ್ಚು ಪ್ರೀತಿಯ ಮಾತನ್ನು ಹೆಂಡತಿಗೆ ಆಡಿದ್ದು ನಾನು ಕೇಳಿಲ್ಲ.

ಮೆಷಿನ್ ಉಳಿಯಿತು. ಬೋಣಿ ಈಗ ಶೆಡ್ಡಿನಲ್ಲೇ, ಡಬ್ಬಗಳಿಗೆ ನಿಜವಾದ ಕೈ ಮುಟ್ಟಿಸಿ ಮಾಡುತ್ತೇನೆ. ಹುಲಿಯ ವಿಳಾಸವನ್ನು ಸತೀಶ ಅಳಿಸಿ ಹಾಕಿದ.

ಮೊನ್ನೆ ಕಳಸಕ್ಕೆ ಹೋಗಿದ್ದೆ. ಅಭ್ಯಾಸಬಲದಿಂದ ಸೀರೆ ಅಂಗಡಿ ಹತ್ತಿ, ಹದಿನೆಂಟು ಸೀರೆ ಬಿಚ್ಚಿಸಿ, "ಇನ್ನೊಂದ್ಸಲ ಬರ್ತೀನಿ" ಎಂದು ಎದ್ದೆ. ಯಜಮಾನರು ತಲೆಯಾಡಿಸಿ ಮಡಿಸತೊಡಗಿದರು. ಈ ವ್ಯಾಪಾರದ ಕಷ್ಟ ಈಗ ನನಗೂ ಗೊತ್ತಲ್ಲ, ಮನಸ್ಸು ತಡೆಯಲಿಲ್ಲ. "ಹಿಂಗೆ ಬಿಟ್ಟುಬಿಟ್ರೆ ಹೆಂಗೆ? ಸ್ವಲ್ಪ ಹೊತ್ತು ಬಿಟ್ಟು ಒಂದು ಸಲ ಕರೀಬೇಕು. ರೇಟು ಮಾತ್ರ ಇಳಿಸಬಾರದು" ಎಂದು ಬುದ್ಧಿ ಹೇಳಿ ಬಂದೆ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತಿದ್ದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುವ ಹಾಗೆ, "ಅಮ್ಮಾ, ಆ ನೀಲಿ ಸೀರೆ ತೆಗೆದಿಟ್ಟಿದೀನಿ!" ಎಂದು ಕೂಗಿದರು.

ಇಳಿದು ಹೋಗಿ ತಗೊಂಡೆ. ಒಂದು ಪೈಸೆ ಇಳಿಸಲಿಲ್ಲ. ಬಸ್ಸೂ ಹೋಯಿತು. ಮನೆಯಲ್ಲಿ ಸೀರೆ ನೋಡಿದ ಶುಭಳಿಗೆ ಖುಷಿಯೋ ಖುಷಿ. "ನೋಡಿದ್ರಾ ಅತ್ತೆ, ಕರೆದ್ರೆ ಬಂದ್ರಿ!" ಎಂದಳು. ಕರೆಯದಿದ್ದರೂ ನಾನು ಇಳಿಯುತ್ತಿದ್ದೆನೋ ಏನೋ. ಬಸ್ಸು ಹತ್ತುವಾಗಲೇ ಆ ನೀಲಿಯ ಮೇಲೆ ಕಣ್ಣಿತ್ತು. ಆದರೆ ಅದನ್ನು ಅಳೆಯುವುದು ಹೇಗೆ? ಒಬ್ಬಳೇ ಮುದುಕಿ, ಅರ್ಧವನ್ನು ಕರೆದು ಅರ್ಧವನ್ನು ಬಸ್ಸಿನಲ್ಲೇ ಬಿಡಲಿಕ್ಕೆ ಬರುವುದಿಲ್ಲ.