ರಾಷ್ಟ್ರಪ್ರಶಸ್ತಿಯ ಹೆಣ

ಟೀವಿಯಲ್ಲಿ ಮುಖ ಬರಲಿ ಎಂದು ಹರಕೆ ಹೊರುವವರೇ ಲೋಕದಲ್ಲೆಲ್ಲ. ಬಾರದಿರಲಪ್ಪ ಎಂದು ದೇವರಿಗೆ ಕಾಯಿ ಕಟ್ಟಿದವನು ನಾನೊಬ್ಬನೇ ಇರಬೇಕು. ಕಾರಣ ಇಷ್ಟೇ: ರಾಷ್ಟ್ರಪ್ರಶಸ್ತಿ ಬಂದ ಸಿನಿಮಾವೊಂದರಲ್ಲಿ ನಾನೂ ಪಾತ್ರ ಮಾಡಿದ್ದೇನೆ. ಹೆಣದ ಪಾತ್ರ.

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾದ ನಾನು, ತೆರಕಣಾಂಬಿಯಲ್ಲಿ ಶೂಟಿಂಗ್ ಎಂದು ಕೇಳಿ ರಜೆ ಹಾಕಿ ನೋಡಲು ಹೋಗಿದ್ದೆ. ಹೆಣವಾಗಬೇಕಿದ್ದ ಕಲಾವಿದರು ಊದುಬತ್ತಿಯ ಹೊಗೆಗೆ ಸೀನುತ್ತಲೇ ಇದ್ದರು. ನಿರ್ದೇಶಕರು ಸುತ್ತ ನಿಂತವರನ್ನೆಲ್ಲ ನೋಡಿ, ಕೊನೆಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು. ಅಲ್ಲಿ ಅವರಿಗೇನು ಕಂಡಿತೋ, ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಹಣೆಗೆ ನಾಣ್ಯ ಅಂಟಿಸಿ, ಮೂಗಿಗೆ ಹತ್ತಿ ಇಟ್ಟು, ಚಟ್ಟದ ಮೇಲೆ ಮಲಗಿಸಿದರು. ನಾಯಕಿ ಎದೆ ಬಡಿದುಕೊಂಡು ಅತ್ತರು. ಹೆಚ್ಚಾಗಿ ನನ್ನ ಎದೆಯನ್ನೇ ಬಡಿದರು.

ಇದನ್ನು ಅಮ್ಮನಿಗೆ ಹೇಳುವುದು ಹೇಗೆ? ನನಗೆ ನೆಗಡಿಯಾದರೂ ಮೆಣಸಿನಕಾಯಿ ನಿವಾಳಿಸುವವಳು ಅವಳು. ಇಡೀ ಊರೇ ನನ್ನನ್ನು ನೋಡಲು ಬರುವಂಥ ಪಾತ್ರ ಎಂದೆ. ಅದು ಸುಳ್ಳೂ ಅಲ್ಲ. ಸಿನಿಮಾ ನಮ್ಮ ಟಾಕೀಸಿಗೆ ಬರಲೇ ಇಲ್ಲ, ಬದುಕಿಕೊಂಡೆ ಎಂದುಕೊಂಡೆ. ಅಷ್ಟರಲ್ಲಿ ಆ ನಾಯಕಿಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ದೆಹಲಿಯ ಸಮಾರಂಭ ಟೀವಿಯಲ್ಲಿ ನೇರಪ್ರಸಾರ ಎಂದು ತಿಳಿದದ್ದೇ, ಅಮ್ಮ ಬೀದಿಯ ಹೆಂಗಸರನ್ನೆಲ್ಲ ಕರೆದು ಚಾಪೆ ಹಾಸಿಬಿಟ್ಟಳು.

ಪ್ರಶಸ್ತಿ ಕೊಡುವ ಮುಂಚೆ ಸಿನಿಮಾದ ತುಣುಕೊಂದನ್ನು ತೋರಿಸುತ್ತಾರಂತೆ. ಅಳುವ ದೃಶ್ಯ ಬಿಟ್ಟು ಇನ್ನೇನು ತೋರಿಸಿಯಾರು? ಮಿಕ್ಸಿಗೆ ಕೈ ಹಾಕಿದರೆ ಹೋಗುವ ಕರೆಂಟು ಅಂದು ಮಿಸುಕಲಿಲ್ಲ. ಒಳಗೆ ಕಾಫಿ ಕುಡಿದು ಬರೋಣ ಎಂದೆ, ಯಾರೂ ಏಳಲಿಲ್ಲ. ಕ್ಯಾಮೆರಾದವರು, ಹಾಡಿದವರು ಒಬ್ಬೊಬ್ಬರೇ ಪದಕ ಪಡೆದು ನಗುತ್ತ ಇಳಿಯುತ್ತಿದ್ದರು. ನನ್ನ ಚಟ್ಟ ಹತ್ತಿರವಾಗುತ್ತಿತ್ತು. ಅಮ್ಮನ ಎದೆ ಮೊದಲೇ ವೀಕು. ಮಗನ ಹೆಣ ಕಂಡರೆ ಏನಾದೀತೋ ಎಂದು ನನಗೆ ನಿಜವಾಗಿಯೂ ಭಯವಾಯಿತು.

ನಾಯಕಿಯ ಹೆಸರು ಕರೆದರು. ತೆರೆಯ ತುಂಬ ನಾನೇ, ಹತ್ತಿ ಸಮೇತ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಮ್ಮ ಎದ್ದು ಟೀವಿಯ ಹತ್ತಿರ ಹೋಗಿ ನೋಡಿದಳು, ಕಣ್ಣೊರೆಸಿಕೊಂಡಳು, ತಿರುಗಿ ಬಂದು ನನ್ನ ಕೆನ್ನೆ ಮುಟ್ಟಿದಳು.

“ಬುಡು ಮಗ. ಮೊನ್ನೆ ನಿನ್ ತಲೆ ಮ್ಯಾಲೆ ಕಾಗೆ ಕುಂತಿತ್ತಲ್ಲ, ನೀ ಸತ್ತೋದೆ ಅಂತ ಚಾಮ್ರಾಜ್‌ನಗರದ ನಿಮ್ಮಾವ್ನಿಗೆ ಸುಳ್ ಸುದ್ದಿ ಕಳ್ಸನ ಅಂತಿದ್ದೆ. ಅವ್ನೊಬ್ಬ ಅತ್ತಿದ್ರೆ ಸಾಕಿತ್ತು, ದೋಸ ಓಯ್ತಿತ್ತು. ಈಗ ದೆಲ್ಲಿಗಂಟ ಅತ್ಬುಟ್ರು ಕಣ್ಲಾ.”

ಕಾಗೆ ಮುಟ್ಟಿದವನಿಗಾಗಿ ನೆಂಟರನ್ನು ಹೀಗೆ ಅಳಿಸುವುದು ನಮ್ಮ ಕಡೆಯ ವಾಡಿಕೆ. ಬೀದಿಯ ಹೆಂಗಸರೆಲ್ಲ ಹೌದೌದು, ಆಯಸ್ಸು ಗಟ್ಟಿಯಾಯಿತು ಎಂದರು. ನನಗೂ ಹೋದ ಜೀವ ಬಂದಂತಾಯಿತು. ಆ ಧೈರ್ಯದಲ್ಲಿ ಹೆಂಡತಿಯ ಕಡೆ ತಿರುಗಿ, ನನ್ನ ಅಭಿನಯ ಹೇಗಿತ್ತು ಎಂದು ಕೇಳಿದೆ. ಎಷ್ಟು ಕೂಗಿದರೂ ನೀವು ಏಳದೆ ಬಿದ್ದುಕೊಂಡಿರುವುದನ್ನು ಭಾನುವಾರ ಭಾನುವಾರ ಬಿಟ್ಟಿಯಾಗಿ ನೋಡುತ್ತಿದ್ದೇನೆ, ಅದಕ್ಕೆ ಅಭಿನಯ ಎನ್ನುತ್ತಾರೆಂದು ಇವತ್ತೇ ಗೊತ್ತಾದದ್ದು ಎಂದಳು.