ಟ್ಯಾಬಿನ ಇಂಚು, ಟೇಪಿನ ಇಂಚು

ಅಳತೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಬಳ್ಳಾರಿಯ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತೈದು ವರ್ಷದ ಕಟಿಂಗ್ ಮಾಸ್ತರ. ಎದುರಿಗೆ ಬಂದವನ ಸೊಂಟ ನೋಡಿದರೆ ಸಾಕು, ಮೂವತ್ತೆರಡೋ ಮೂವತ್ತನಾಲ್ಕೋ ಹೇಳಿಬಿಡುತ್ತಿದ್ದೆ. ಕೊರಳಲ್ಲಿ ಸದಾ ಟೇಪು. ನನ್ನ ಮದುವೆಯ ಫೋಟೋದಲ್ಲೂ ಅದು ಇದೆ, ಹೂವಿನ ಹಾರದ ಒಳಗೆ ಹುಡುಕಿದರೆ ಸಿಗುತ್ತದೆ! ಅಂಥ ಟೇಪನ್ನು ನಾನು ಒಂದು ದಿನ ಮನೆಯಲ್ಲಿ ಬಿಟ್ಟು ಹೋದೆ. ಆ ಒಂದು ದಿನ ಸಾಕಾಯಿತು.

ಆಗ ಬಳ್ಳಾರಿಯಲ್ಲಿ ಅದಿರಿನ ಕಾಲ. ಊರಲ್ಲಿ ದುಡ್ಡು ಮತ್ತು ಧೂಳು ಎರಡೂ ಹಾರುತ್ತಿದ್ದವು. ನಮ್ಮ ಮನೆಗೆ ಬಂದದ್ದು ಧೂಳು ಮಾತ್ರ. ನಮ್ಮ ಕಾರ್ಖಾನೆಯ ಸಾಹುಕಾರರು ಎರಡು ಟಿಪ್ಪರ್ ಲಾರಿಗಳನ್ನು ಗಣಿಗೆ ಬಿಟ್ಟಿದ್ದರು, ಹೀಗಾಗಿ ತಿಂಗಳಿಗೊಂದು ಫೋನು ಬದಲಾಯಿಸುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ಸ್ಲೇಟಿನಂಥ ಒಂದು ವಸ್ತುವನ್ನು ಕೈಗಿಟ್ಟರು.

"ಟ್ಯಾಬ್ ಇದು ಮಾಸ್ತರ. ನನಗ ಬ್ಯಾಸರಾತು. ನೀನ ಇಟ್ಕೋ. ಏಮಿ, ಬಾಗುಂದಾ?" ಎಂದರು. ಖುಷಿಯಾದಾಗ ಅವರಿಗೆ ತೆಲುಗು ಬರುತ್ತಿತ್ತು.

"ಬಾಗುಂದಿರಿ!" ನಾನೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ 'ಚೆನ್ನಾಗಿದೆ' ಎಂದು ಕೈಮುಗಿದೆ.

ಮನೆಗೆ ತಂದು, ಮಂಚದ ಮೇಲೆ ಹೊಸ ಟವಲ್ ಹಾಸಿ, ಅದರ ಮೇಲೆ ಟ್ಯಾಬನ್ನು ಪ್ರತಿಷ್ಠಾಪಿಸಿದೆ. ಓಣಿಯ ಜನ ನೋಡಲು ಬಂದರು. ಕಾರ್ಖಾನೆಯ ಬಿಲ್ಲು ಬರೆಯುವ ಎರ್ರಿಸ್ವಾಮಿ ತನ್ನ ಫೋನಿನಲ್ಲಿದ್ದ ಆಪ್‌ಗಳನ್ನೆಲ್ಲ ನನ್ನ ಟ್ಯಾಬಿಗೆ ಕಳಿಸಿಕೊಟ್ಟಿದ್ದ. ಅವನ ಅಂಗೈಯಗಲದ ಫೋನಿನಲ್ಲಿ ಅವು ಬಹಳ ಲಕ್ಷಣವಾಗಿದ್ದವು. ನನ್ನ ಟ್ಯಾಬಿಗೆ ಬಂದ ಮೇಲೆ ಅವುಗಳ ನಡತೆಯೇ ಕೆಟ್ಟಿತು. ನನಗಾಗಿಯೇ ಅವನು ಹುಡುಕಿ ಹಾಕಿದ್ದ, ನಮಾಜಿನ ಹೊತ್ತು ತೋರಿಸುವ ಆಪ್ ಪರದೆಯ ನಟ್ಟನಡುವೆ ಮುದುಡಿ ಕೂತಿತು, ಸುತ್ತ ನಾಲ್ಕೂ ಕಡೆ ಕಪ್ಪು.

ನನ್ನ ಹೆಂಡತಿ ಹುಸೇನಬಿ ಬಗ್ಗಿ ನೋಡಿದಳು. "ಏನ್ರೀ ಇದು, ಅರಮನಿ ಕಟ್ಟಿಸಿ ಅಡಿಗಿಮನ್ಯಾಗ ಮಲಗಿದಂಗೈತಲ್ಲ?"

"ಹಿಗ್ಗಿಸಬಹುದು, ತಾಳು" ಎಂದು ಮೂಲೆಯ ಗುಂಡಿ ಒತ್ತಿದೆ. ಹಿಗ್ಗಿತು. ಅಕ್ಷರಗಳೆಲ್ಲ ಮಸುಕಾದವು. ನಾನು ಕನ್ನಡಕ ಒರೆಸಿಕೊಂಡೆ. ಪಕ್ಕದ ಮನೆಯವರೂ ಒರೆಸಿಕೊಂಡರು. ಏನೂ ಪ್ರಯೋಜನವಾಗಲಿಲ್ಲ!

ಇನ್ನು ಕೆಲವು ಆಪ್‌ಗಳು ಹೇಳದೆ ಕೇಳದೆ ತಾವಾಗಿಯೇ ಕೈಕಾಲು ಚಾಚಿ ಪರದೆ ತುಂಬ ಮಲಗುತ್ತಿದ್ದವು. ಲೆಕ್ಕ ಮಾಡುವ ಆಪಿನಲ್ಲಿ ಒಂದೊಂದು ಅಂಕಿಯೂ ಇಟ್ಟಿಗೆಯಷ್ಟು. ಫೋನ್ ನಂಬರಿನ ಪಟ್ಟಿಯಲ್ಲಿ ಎಡತುದಿಗೆ ನಮ್ಮ ಅಕ್ಕನ ಹೆಸರು, ಬಲತುದಿಗೆ ಅವಳ ನಂಬರು. ನಡುವೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವಷ್ಟು ಖಾಲಿ ಜಾಗ, ದಾರಿಯಲ್ಲಿ ತೆಕ್ಕಲಕೋಟೆಯಂಥ ಒಂದು ಊರೂ ಇಲ್ಲ. ಅಡ್ಡ ಹಿಡಿದರೆ ಕೆಲವು ಆಪ್‌ಗಳು ನಮ್ಮ ಜತೆ ಅಡ್ಡ ತಿರುಗುತ್ತಿರಲಿಲ್ಲ, ಹೀಗಾಗಿ ನೋಡುವವರೆಲ್ಲ ಕುತ್ತಿಗೆ ವಾರೆ ಮಾಡಿ ಕೂರಬೇಕಿತ್ತು. ನಾನು ಮಾತ್ರ ಇದನ್ನೆಲ್ಲ ದೊಡ್ಡವರ ಮನೆಯ ರೀತಿ ರಿವಾಜು ಎಂದು ಗೌರವದಿಂದ ಸಹಿಸಿಕೊಂಡೆ.

ಆದರೆ ಒಂದು ಆಪ್ ನನ್ನ ಮನಸ್ಸನ್ನೇ ಗೆದ್ದುಬಿಟ್ಟಿತು. ಅದು ಅಳತೆಪಟ್ಟಿ! ಪರದೆಯ ಅಂಚಿನುದ್ದಕ್ಕೂ ಇಂಚಿನ ಗೆರೆ, ಇಂಚಿನೊಳಗೆ ಹದಿನಾರು ಸಣ್ಣ ಗೆರೆ. ಎರ್ರಿಸ್ವಾಮಿಯ ಫೋನಿನ ಮೇಲೆ ನಾನೇ ನನ್ನ ಟೇಪು ಇಟ್ಟು ಪರೀಕ್ಷೆ ಮಾಡಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅದೇ ಆಪ್ ನನ್ನ ಟ್ಯಾಬಿನಲ್ಲೂ ಇತ್ತು, ಪರದೆ ತುಂಬ. ಅದರ ಮೇಲೆ ಟೇಪು ಇಟ್ಟು ನೋಡಿದೆನೇ? ಇಲ್ಲ. ಫೋನಿನಲ್ಲಿ ಸರಿ ಇದ್ದದ್ದು ಅದಕ್ಕಿಂತ ದೊಡ್ಡ ಟ್ಯಾಬಿನಲ್ಲಿ ಇನ್ನೂ ಸರಿ ಇರಬೇಕಲ್ಲವೇ?

ಅದೇ ಹೊತ್ತಿಗೆ ಸಿರುಗುಪ್ಪದ ಅಕ್ಕನ ಮಗ ಜಾಫರನಿಗೆ ಕುರುಗೋಡಿನ ಹುಡುಗಿ ಗೊತ್ತಾದಳು. ಹುಡುಗಿಯ ಹೆಸರು ಶಮೀಮ್. ಅವಳ ತಂದೆ ರಾಜಾಸಾಬರದು ಹತ್ತಿ ಹಿಂಜಿ ಗಾದಿ ಹೊಲಿಯುವ ಅಂಗಡಿ. ಒಳ್ಳೆಯ ಜನ, ಮಾತು ಕಡಿಮೆ. ನಿಶ್ಚಯದ ದಿನ ಹುಡುಗಿಯ ಕೈಗೆ ತೊಡಿಸುವ ಬಂಗಾರದ ಬಳೆ ಮಾಡಿಸಿಕೊಡುವುದು ನಮ್ಮಲ್ಲಿ ಸೋದರಮಾವನ ಹಕ್ಕು. ಅಂದರೆ ನನ್ನದು!

"ಲೇ ತಮ್ಮಾ, ಬಳಿ ಅಳತಿ ನೀನ ಹೋಗಿ ತರಬೇಕು ನೋಡು" ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಹುಸೇನಬಿ ಕೆಲಸವನ್ನು ಇನ್ನೂ ಸುಲಭ ಮಾಡಿಕೊಟ್ಟಳು. "ಹುಡಿಗಿದು ಒಂದು ಹಳೇ ಬಳಿ ಇಸ್ಕೊಂಡು ಕರ್ಚೀಪಿನಾಗ ಕಟ್ಕೊಂಡು ಬರ್ರಿ. ಅಕ್ಕಸಾಲಿ ಮುಂದ ಇಡ್ರಿ. ಅಷ್ಟ ಕೆಲಸ."

ಅಷ್ಟೇ ಕೆಲಸ. ಆದರೆ ನಾನು ಹೊರಟದ್ದು ಕರ್ಚೀಪು ಹಿಡಿದುಕೊಂಡಲ್ಲ, ಟ್ಯಾಬು ಹಿಡಿದುಕೊಂಡು. ಟೇಪನ್ನು ಗೂಟಕ್ಕೆ ತಗುಲಿಹಾಕಿ, "ಇನ್ನು ನೀನು ವಿಶ್ರಾಂತಿ ತಗೋ" ಎಂದು ಅದಕ್ಕೆ ಹೇಳಿಯೂ ಬಂದೆ.

ಕುರುಗೋಡಿನಲ್ಲಿ ಚಹಾ ಆಯಿತು, ಮಿರ್ಚಿ ಭಜಿ ಆಯಿತು. ಹುಡುಗಿಯ ತಾಯಿ ಒಂದು ಬಳೆಯನ್ನು ತಂದು ನನ್ನ ಮುಂದಿಟ್ಟರು. "ಅಕಿದು ಇದ ನೋಡ್ರಿ ಅಣ್ಣಾರ. ಜೋಡಿ ಒಡದು ತಂದೀನಿ. ತಗೊಂಡು ಹೋಗಿ ಆಮ್ಯಾಲೆ ಕೊಡ್ರಿ."

ಜೋಡಿ ಒಡೆಯುವುದೇ! ನನ್ನೊಳಗಿನ ಸಜ್ಜನ ಎದ್ದು ಕೂತ. "ಬ್ಯಾಡ್ರಿ ಅಕ್ಕಾರ, ಜೋಡಿ ಒಡೀಬ್ಯಾಡ್ರಿ. ಒಂದು ನಿಮಿಷದಾಗ ಅಳತಿ ತಗೋತೀನಿ, ನಿಮ್ಮ ಬಳಿ ನಿಮ್ಮ ಮನ್ಯಾಗ ಇರಲಿ" ಎಂದು ಟ್ಯಾಬನ್ನು ಹೊರತೆಗೆದೆ. ಮನೆಮಂದಿಯೆಲ್ಲ ಸುತ್ತ ನೆರೆದರು. ಬಳೆಯನ್ನು ಪರದೆಯ ಮೇಲೆ ಮಲಗಿಸಿ, ಒಳಅಂಚನ್ನು ಸೊನ್ನೆಯ ಗೆರೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಓದಿದೆ. ಎರಡಿಂಚು, ಮೇಲೆ ಎರಡು ಸಣ್ಣ ಗೆರೆ.

"ಎರಡು-ಎರಡು!" ಎಂದು ಘೋಷಿಸಿದೆ.

ಹುಡುಗಿಯ ತಾಯಿ ಮೆಲ್ಲಗೆ ಹೇಳಿದರು. "ಎರಡು-ಆರು ಅಲ್ಲೇನ್ರಿ? ಬಳಿಗಾರ್ತಿ ಯಾವತ್ತೂ ಅಕಿಗೆ ಎರಡು-ಆರು ಅಂತಾಳ. ಎರಡಿಂಚಿನ ಮ್ಯಾಲೆ ಆರು ಗೆರಿ."

ಇಲ್ಲಿ ನಾನು ತಡೆದು ನಿಲ್ಲಬಹುದಿತ್ತು. ನಿಜ ಹೇಳಬೇಕೆಂದರೆ, ಪರದೆಯ ಇಂಚು ನನ್ನ ಕಣ್ಣಿಗೂ ಸ್ವಲ್ಪ ಕೊಬ್ಬಿದಂತೆ ಕಂಡಿತ್ತು. ಇಪ್ಪತ್ತೈದು ವರ್ಷದ ಕಣ್ಣು ಏನೋ ಹೇಳಲು ಬಂತು. ನಾನು ಅದರ ಬಾಯಿ ಮುಚ್ಚಿಸಿದೆ.

"ಬಳಿಗಾರರು ಅಂದಾಜಿನ ಮ್ಯಾಲೆ ಹೇಳ್ತಾರ್ರಿ. ಇದು ಮಿಷನ್ನು. ಮಿಷನ್ನಿಗೆ ಸುಳ್ಳು ಹೇಳಾಕ ಬರಂಗಿಲ್ಲ" ಎಂದೆ.

ರಾಜಾಸಾಬರು ತಲೆದೂಗಿದರು. ಶಮೀಮ್ ಬಾಗಿಲ ಹಿಂದಿನಿಂದ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡಳು. ಬಳ್ಳಾರಿಗೆ ಬಂದವನೇ ಅಕ್ಕಸಾಲಿಯ ಅಂಗಡಿಗೆ ಹೋಗಿ, ಚೀಟಿಯ ಮೇಲೆ ನನ್ನ ಕೈಯಾರೆ 'ಎರಡು-ಎರಡು' ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದೆ. ಒಂದಲ್ಲ, ಎರಡು ಗೆರೆ.

"ಬಳಿ ಎಲ್ರೀ?" ಎಂದಳು ಮನೆಯಲ್ಲಿ ಹುಸೇನಬಿ.

"ಇದರಾಗೈತಿ" ಎಂದು ಟ್ಯಾಬನ್ನು ತಟ್ಟಿದೆ. ಅವಳು ಗೂಟದಲ್ಲಿದ್ದ ಟೇಪನ್ನೊಮ್ಮೆ ನೋಡಿ ಒಳಗೆ ಹೋದಳು. ಅವಳು ಹಾಗೆ ನೋಡಿದಾಗ ನಾನು ಹೆದರಬೇಕು, ಆದರೆ ಇಷ್ಟು ವರ್ಷವಾದರೂ ಅದು ನನಗೆ ರೂಢಿಯಾಗಿಲ್ಲ.

ನಿಶ್ಚಯದ ದಿನ ಸಿರುಗುಪ್ಪದಿಂದ ಎರಡು ಟೆಂಪೋ ತುಂಬ ಜನ ಕುರುಗೋಡಿಗೆ ಬಂದರು. ನಾನು ಇಸ್ತ್ರಿ ಮಾಡಿದ ಶರ್ಟು, ಬಗಲಲ್ಲಿ ಟ್ಯಾಬು. ಫೋಟೋ ಹಿಡಿಯಬೇಕಲ್ಲ! ಅಕ್ಕ ಹುಡುಗಿಯ ಮುಂದೆ ಕೂತು ಬಳೆಯ ಡಬ್ಬಿ ತೆರೆದಳು. ತೆಳುವಾದರೂ ಚೆಂದದ ಬಳೆಗಳು. ಹೆಂಗಸರೆಲ್ಲ "ಹಾ!" ಎಂದರು. ಅಕ್ಕ ಶಮೀಮಳ ಬಲಗೈ ಹಿಡಿದು ಬಳೆ ಏರಿಸಿದಳು. ಬೆರಳು ದಾಟಿತು. ಗೆಣ್ಣಿಗೆ ಬಂದು ನಿಂತಿತು.

"ಕೈ ಸಡಿಲ ಬಿಡವ್ವಾ" ಎಂದಳು ಅಕ್ಕ.

ಸಡಿಲ ಬಿಟ್ಟಳು. ಬಳೆ ಸಡಿಲ ಬಿಡಲಿಲ್ಲ. ಯಾರೋ ಕೊಬ್ಬರಿ ಎಣ್ಣೆ ತಂದರು. ಇನ್ಯಾರೋ ಸಾಬೂನು ತಂದರು. ಒಬ್ಬ ಅಜ್ಜಿ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನೇ ಹುಡುಗಿಯ ಕೈಗೆ ಸುತ್ತಿ, ಅದರ ಮೇಲಿಂದ ಬಳೆ ಜಾರಿಸಲು ನೋಡಿದಳು. ಚೀಲ ಹರಿಯಿತು. ಬಳೆ ಅಲ್ಲೇ! ಹುಡುಗಿಯ ಕೈ ಕೆಂಪಗಾಯಿತು.

ಟೆಂಪೋದಲ್ಲಿ ಬಂದಿದ್ದ ದೂರದ ನೆಂಟರ ಹೆಂಗಸೊಬ್ಬಳು ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಗೆ ಕೇಳುತ್ತಿತ್ತು. "ಮಾವ ಮೊನ್ನಿ ಅಳತಿ ತಗೊಂಡು ಹೋದನಂತ. ಹದಿನೈದು ದಿನದಾಗ ಇಷ್ಟು ದಪ್ಪ ಆದಳೇನು? ಇಲ್ಲಾ, ಅವತ್ತು ತೋರ್ಸಿದ ಬಳಿ ಬ್ಯಾರೆಯವರದೇನು?"

ಇನ್ನೊಬ್ಬಳು, "ಶುಭದಾಗ ಬಳಿ ಏರಲಿಲ್ಲ ಅಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಪೂರ್ತಿ ಹೇಳಿದ್ದರೂ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ಆಗ ನಾನೇನು ಮಾಡಿದೆ? "ಆ ಅಕ್ಕಸಾಲಿ ತಪ್ಪು ಮಾಡ್ಯಾನ!" ಎಂದು ಕೂಗಿದೆ. ಅಕ್ಕಸಾಲಿ ಡಬ್ಬಿಯೊಳಗೆ ಮಡಚಿಟ್ಟಿದ್ದ ಚೀಟಿಯನ್ನು ಅಕ್ಕ ತೆಗೆದು ಓದಿದಳು. ಎರಡು-ಎರಡು. ನನ್ನ ಅಕ್ಷರ. ಕೆಳಗೆ ಎರಡು ಗೆರೆ.

ರಾಜಾಸಾಬರು ತಲೆ ತಗ್ಗಿಸಿ ನಿಂತಿದ್ದರು. ಅವರ ಹೆಂಡತಿಗೆ ಎಲ್ಲವೂ ಗೊತ್ತಿತ್ತು, ಎರಡು-ಆರು ಎಂದು ಬಾಯಿಬಿಟ್ಟು ಹೇಳಿದವರೇ ಅವರು. ಆದರೂ ಗಂಡಿನ ಸೋದರಮಾವನನ್ನು ನಾಲ್ಕು ಜನರೆದುರು ಸುಳ್ಳಾಗಿಸಬಾರದೆಂದು ಸೆರಗು ಬಾಯಿಗಿಟ್ಟು ಸುಮ್ಮನಿದ್ದರು. ನನ್ನ ಮರ್ಯಾದೆ ಉಳಿಸಲು ಅವರು ಮಗಳ ಮರ್ಯಾದೆ ಬಿಡುತ್ತಿದ್ದರು. ಶಮೀಮಳ ಕಣ್ಣಿನಿಂದ ಒಂದು ಹನಿ ಆ ಬಳೆಯ ಮೇಲೆಯೇ ಬಿತ್ತು. ನನಗೆ ಬಹಳ ನಾಚಿಕೆಯಾಯಿತು.

"ಟೇಪು ಕೊಡ್ರಿ ಯಾರಾದ್ರೂ" ಎಂದೆ.

ಕೊಡುವವರು ಬೇರೆ ಯಾರು? ಹುಸೇನಬಿ ತನ್ನ ಚೀಲದಿಂದ ನನ್ನದೇ ಟೇಪನ್ನು ತೆಗೆದು ಕೈಗಿಟ್ಟಳು. ಗೂಟದಿಂದ ಇಳಿಸಿ ತಂದಿದ್ದಳು! ನಾನು ಟ್ಯಾಬನ್ನು ಎಲ್ಲರ ನಡುವೆ ಚಾಪೆಯ ಮೇಲಿಟ್ಟು, ಅಳತೆಯ ಆಪ್ ತೆರೆದು, ಅದರ ಮೇಲೆ ಟೇಪನ್ನು ಮಲಗಿಸಿದೆ. ಪರದೆಯ ಎರಡಿಂಚು, ಟೇಪಿನಲ್ಲಿ ಹೆಚ್ಚೂಕಡಿಮೆ ಎರಡೂಕಾಲು. ಎಲ್ಲರೂ ಬಗ್ಗಿ ನೋಡಿದರು.

ನಾನು ಎದ್ದು ನಿಂತು ಹೇಳಿದೆ. "ಕೇಳ್ರಿ ಎಲ್ಲಾರೂ. ಹುಡಿಗಿ ಕೈ ಅವತ್ತೂ ಎರಡು-ಆರು, ಇವತ್ತೂ ಎರಡು-ಆರು. ಅಕಿ ತಾಯಿ ನನಗ ಖರೇನ ಹೇಳಿದ್ರು, ನಾನ ಕೇಳಲಿಲ್ಲ. ಅಕ್ಕಸಾಲಿದೂ ತಪ್ಪಿಲ್ಲ, ನಾನು ಸುಳ್ಳು ಹೇಳಿದೆ. ಇಲ್ಲಿ ದಪ್ಪ ಆಗಿರೋದು ಎರಡ. ಒಂದು ಈ ಟ್ಯಾಬಿನ ಇಂಚು, ಇನ್ನೊಂದು ನನ್ನ ತಲಿ!"

ಮೊದಲು ನಕ್ಕವರು ರಾಜಾಸಾಬರು. ಮಾತು ಕಡಿಮೆಯ ಮನುಷ್ಯ, ನಗು ಮಾತ್ರ ಗಾದಿ ಬಿಚ್ಚಿದ ಹತ್ತಿಯಂತೆ ಮನೆ ತುಂಬ ಹರಡಿತು. ಶಮೀಮ್ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಹುಸೇನಬಿ ತನ್ನ ಕೈಯ ಬಂಗಾರದ ಬಳೆಗಳನ್ನು ಬಿಚ್ಚಿ, ಹುಡುಗಿಯ ಕೈ ಹಿಡಿದಳು. ಸರ್ರಂತ ಏರಿದವು.

"ನಂದೂ ಎರಡು-ಆರ ಅವ್ವಾ. ಹೊಸಾವು ಬರೂತನ ಇವ ಇರಲಿ. ಇಪ್ಪತ್ತು ವರ್ಷ ಆತು, ನಮ್ಮ ಮಾಸ್ತರಗ ನನ್ನ ಅಳತೀನೂ ಗೊತ್ತಿಲ್ಲ" ಎಂದಳು. ಹೆಂಗಸರೆಲ್ಲ ಮತ್ತೆ "ಹಾ!" ಎಂದರು. ಈ ಸಲ ನನ್ನನ್ನು ನೋಡಿ.

ಮರುದಿನ ಎರ್ರಿಸ್ವಾಮಿಯನ್ನು ಹಿಡಿದು ಕೇಳಿದೆ. "ನಿನ್ನ ಫೋನಿನಾಗ ಸರಿ ಇದ್ದದ್ದು ನನ್ನ ಟ್ಯಾಬಿನಾಗ ಯಾಕ ಕೆಟ್ತಲೇ?"

"ಅದು ಫೋನಿಗಂತ ಮಾಡಿದ್ದು ಮಾಸ್ತರ. ದೊಡ್ಡ ಪರದಿಗೆ ಹಾಕಿದ್ರ ಜಗ್ಗಿ ತುಂಬಿಸ್ತೈತಿ. ಎಲ್ಲಾ ಜಗ್ಗಿದ ಮ್ಯಾಲೆ ಇಂಚೂ ಜಗ್ಗತೈತಿ. ಮೂವತ್ತರ ಪ್ಯಾಂಟು ಮೂವತ್ತನಾಲ್ಕರ ಸೊಂಟಕ್ಕ ಏರ್ಸಿದ್ರ ಚೀಟಿ ಮೂವತ್ತು ಅಂತನ ಇರತೈತಿ, ಪ್ಯಾಂಟು ಮೂವತ್ತು ಇರತೈತೇನು?"

ಕಟಿಂಗ್ ಮಾಸ್ತರನಿಗೆ ಬಿಲ್ಲು ಬರೆಯುವವನು ಪ್ಯಾಂಟಿನ ಪಾಠ ಹೇಳಿದ. ನಾನು ಕೈಕಟ್ಟಿ ಕೇಳಿದೆ.

ಈಗ ಟ್ಯಾಬು ಕಾರ್ಖಾನೆಯಲ್ಲೇ ಇದೆ. ಜೀನ್ಸ್ ಬಟ್ಟೆ ಹಾಸಿದಾಗ ಅಂಚು ಅಲುಗದಂತೆ ಮೇಲೆ ಭಾರ ಇಡಬೇಕಾಗುತ್ತದೆ. ಅದಕ್ಕೆ ತಕ್ಕ ತೂಕ. ಆ ಕೆಲಸದಲ್ಲಿ ಅದು ಈವರೆಗೆ ಒಂದೂ ತಪ್ಪು ಮಾಡಿಲ್ಲ. ಸಿರುಗುಪ್ಪದವರು ಮಾತ್ರ ನನ್ನನ್ನು ಬಿಟ್ಟಿಲ್ಲ. ನಾನು ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದರೂ ಜಾಫರ್ ಕೇಳುತ್ತಾನೆ, "ನಿನ್ನ ಅಳತಿ ಹತ್ತೋ ಮಾಮಾ, ನಮ್ಮ ಅಳತಿ ಹತ್ತೋ?"

ನಿಶ್ಚಯದ ಆ ಬಳೆಗಳನ್ನು ಕರಗಿಸಿ ಹೊಸದಾಗಿ ಮಾಡಿಸುವ ಮೊದಲು, ಅಳತೆಗೆಂದು ನಾನು ಮತ್ತೆ ಕುರುಗೋಡಿಗೆ ಹೋದೆ. ಶಮೀಮ್ ತಾನೇ ಬಂದು, ತನ್ನ ಹಳೆಯ ಬಳೆಗಳ ಜೋಡಿ ಒಡೆದು, ಒಂದು ಬಳೆಯನ್ನು ನನ್ನ ಕರ್ಚೀಪಿನಲ್ಲಿ ಕಟ್ಟಿ, ಎರಡು ಗಂಟು ಹಾಕಿಕೊಟ್ಟಳು. ಬಸ್ಸಿನಲ್ಲಿ ಬಳ್ಳಾರಿಯವರೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಅಂಗಡಿಯಲ್ಲಿ ಗಂಟು ಬಿಚ್ಚಿ ಬಳೆಯನ್ನು ಮುಂದಿಟ್ಟಾಗ, ಅಕ್ಕಸಾಲಿ ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ಸರಿಸಿದ.

"ಅಳತಿ ಎಷ್ಟಂತ ಬರೀರಿ ಮಾಸ್ತರ."

ಇಪ್ಪತ್ತೈದು ವರ್ಷದ ಕಟಿಂಗ್ ಮಾಸ್ತರ ನಾನು, ಪೆನ್ನನ್ನು ಹಿಂದಕ್ಕೆ ಸರಿಸಿದೆ.

"ನನಗ ಗೊತ್ತಿಲ್ರಿ" ಎಂದೆ. "ಬಳಿನ ಕೇಳ್ರಿ."